ಸಮಸಂಖ್ಯೆಗಳೆಲ್ಲ ಹುಬ್ಬಳ್ಳಿಗೇ: ಗದಗಿನ ಲೇಖಕರಿಗೆ ಸಂಪಾದಕರ ಉತ್ತರ

ನಮಸ್ಕಾರ. ಇಂಟರ್ನೆಟ್ ಕರೆಯ ಕೋರಿಕೆಯನ್ನು ಸರ್ವರುಗಳು ಎಷ್ಟು ಸಲ ಮುಂದೆ ದಾಟಿಸಬಹುದು ಎಂಬ ‘ಮ್ಯಾಕ್ಸ್-ಫಾರ್ವರ್ಡ್ಸ್’ ಮಿತಿಯ ಬಗ್ಗೆ ನೀವು ಕಳಿಸಿದ ಲೇಖನ ಓದಿದೆವು. ಈಗಿರುವಂತೆ ಅಚ್ಚಿಗೆ ಹೋಗುವುದಿಲ್ಲ. ಹುಬ್ಬಳ್ಳಿ ಕಚೇರಿ, ಗದಗ ಶಾಖೆಯ ಉದಾಹರಣೆ ಮಾತ್ರ ಗಟ್ಟಿಯಾಗಿದೆ. ಅದೊಂದನ್ನೇ ಹಿಡಿದು ಮತ್ತೆ ಬರೆಯಿರಿ.

ಮೊದಲ ಎರಡು ಪುಟದ ಇಂಟರ್ನೆಟ್ ಇತಿಹಾಸ ತೆಗೆಯಿರಿ. ಅಣ್ಣಿಗೇರಿ ಬಸ್ಸಿನ ಹೋಲಿಕೆಯೂ ಬೇಡ. ಬಸ್ಸು ಎಂದರೆ ದೂರ, ಹೊತ್ತು ನೆನಪಾಗುತ್ತವೆ. ಈ ಹೆಡರ್ (ಸಂದೇಶದ ತಲೆಯಲ್ಲಿರುವ ಸಾಲು) ಅವೆರಡನ್ನೂ ಅಳೆಯುವುದಿಲ್ಲ, ಎಷ್ಟು ಕೈ ದಾಟಬಹುದು ಎಂದಷ್ಟೇ ಹೇಳುತ್ತದೆ. ಮೂರನೇ ಪುಟದಲ್ಲಿ ನೀವೇ ಮೋಸಹೋಗಿ ‘70 ಸೆಕೆಂಡು’ ಎಂದು ಬರೆದಿದ್ದೀರಿ. 70 ಗರಿಷ್ಠ ಮಿತಿಯೂ ಅಲ್ಲ. 2002ರ ಆರ್‌ಎಫ್‌ಸಿ 3261 (ಇಂಥ ಕರೆಗಳ ನಿಯಮ ಹೇಳುವ ದಾಖಲೆ) ಶಿಫಾರಸು ಮಾಡುವ ಆರಂಭದ ಅಂಕಿ ಅದು. 0ಯಿಂದ 255ರವರೆಗೆ ಏನಾದರೂ ಇರಬಹುದು.

ಇನ್ನು ನಿಮ್ಮ ಉದಾಹರಣೆ. 204 ಎಂಬ ಎಕ್ಸ್‌ಟೆನ್ಶನ್ ಎರಡೂ ಊರಲ್ಲಿಲ್ಲ. ಗೊತ್ತಿಲ್ಲದ ನಂಬರನ್ನು ಹುಬ್ಬಳ್ಳಿ ಪ್ರಾಕ್ಸಿ (ಕರೆಯನ್ನು ಮುಂದೆ ದಾಟಿಸುವ ಸರ್ವರ್) ಗದಗಿಗೆ ತಳ್ಳುತ್ತದೆ, ಗದಗಿನದು ವಾಪಸ್ ಹುಬ್ಬಳ್ಳಿಗೆ. ‘ಕೊನೆಗೆ ಗದಗಿನ ಸರ್ವರ್ 483 ಕೊಡುತ್ತದೆ’ ಎಂದಿದ್ದೀರಿ. 483 ಎಂದರೆ ‘ಟೂ ಮೆನಿ ಹಾಪ್ಸ್’, ದಾಟಿದ್ದು ಅತಿಯಾಯಿತು ಎಂಬ ತಿರಸ್ಕಾರ. ಎಣಿಸಿ ನೋಡಿ. ಹುಬ್ಬಳ್ಳಿಯ ಫೋನು ಕರೆ ಕೋರುವ ಸಂದೇಶವಾದ ಇನ್‌ವೈಟ್‌ನಲ್ಲಿ 70 ಎಂದು ಬರೆದು ತನ್ನ ಪ್ರಾಕ್ಸಿಗೆ ಕೊಡುತ್ತದೆ. ದಾಟಿಸುವ ಪ್ರತಿ ಪ್ರಾಕ್ಸಿ ಒಂದು ಕಳೆಯುತ್ತದೆ: ಗದಗಿಗೆ ಹೋಗುವಾಗ 69, ತಿರುಗಿ ಬರುವಾಗ 68. ಸಮಸಂಖ್ಯೆಗಳೆಲ್ಲ ಹುಬ್ಬಳ್ಳಿಗೇ ಬರುತ್ತವೆ. 1 ಸಿಕ್ಕ ಗದಗು ಅದನ್ನು 0 ಮಾಡಿ ಕಳಿಸುತ್ತದೆ, ಅದು ತಪ್ಪಲ್ಲ. 0 ಹೊತ್ತು ಬಂದದ್ದನ್ನು ಮುಂದೆ ಕಳಿಸುವಂತಿಲ್ಲ. ಹಾಗಾಗಿ ‘ಟೂ ಮೆನಿ ಹಾಪ್ಸ್’ ಎನ್ನುವುದು ಹುಬ್ಬಳ್ಳಿ. ಈ ಲೆಕ್ಕವನ್ನು ಓದುಗರ ಎದುರೇ ಮಾಡಿ ತೋರಿಸಿ.

ಅಲ್ಲೇ ಇನ್ನೊಂದು ಮಾತು ಸೇರಿಸಿ. ಪ್ರತಿ ಪ್ರಾಕ್ಸಿಯೂ ಒಂದು ‘ವಯಾ’ (ಬಂದ ದಾರಿಯ ಗುರುತು) ಸಾಲು ಅಂಟಿಸುತ್ತದೆ. ಸಾಲಿಗೆ 80 ಬೈಟ್ ಹಿಡಿದರೂ 70 ಸಾಲಿಗೆ 5,600 ಆಯಿತು. ಸಂದೇಶ 1,300 ಬೈಟ್ ದಾಟಿದ ಮೇಲೆ ಯುಡಿಪಿ (ತಲುಪಿತೇ ಎಂದು ನೋಡದ ಸಾಗಣೆ ವಿಧಾನ) ಬಿಟ್ಟು, ತಲುಪಿದ್ದನ್ನು ಖಚಿತಪಡಿಸುವ ಟಿಸಿಪಿಯಂಥದಕ್ಕೆ ಹೋಗಬೇಕು. ಹೋಗದಿದ್ದರೆ ಪ್ಯಾಕೆಟ್ ತುಂಡಾಗಿ ನಡುವೆಯೇ ಕಳೆದು, 483ರ ಬದಲು ಬರೀ ಮೌನ ಸಿಗಬಹುದು.

ದೊಡ್ಡ ತಪ್ಪು ಬೇರೆಯೇ ಇದೆ. ನಾಲ್ಕನೇ ಪುಟದಲ್ಲಿ ಹುಬ್ಬಳ್ಳಿ, ಗದಗಿನ ಆ ಎರಡು ಪ್ರಾಕ್ಸಿಗಳನ್ನೇ ‘ಪಿಬಿಎಕ್ಸ್’ (ಕಚೇರಿಯೊಳಗಿನ ಫೋನು ವಿನಿಮಯ ಪೆಟ್ಟಿಗೆ) ಎಂದಿರಿ. ಕಚೇರಿಯ ಪಿಬಿಎಕ್ಸ್ ಸಾಮಾನ್ಯವಾಗಿ ಪ್ರಾಕ್ಸಿಯಲ್ಲ, ಬ್ಯಾಕ್-ಟು-ಬ್ಯಾಕ್ ಯೂಸರ್ ಏಜೆಂಟ್. ಬಂದ ಕರೆಯನ್ನು ಅಲ್ಲಿಗೇ ಮುಗಿಸಿ, ಆಚೆ ಕಡೆ ಹೊಸ ಕರೆ ಹುಟ್ಟಿಸುತ್ತದೆ. ಹೊಸ ಕರೆಗೆ ಮತ್ತೆ 70 ಬರೆದರೆ ಲೆಕ್ಕ ಸೊನ್ನೆ ಮುಟ್ಟುವುದೇ ಇಲ್ಲ, ಟ್ರಂಕಿನ (ಎರಡು ಕಚೇರಿಗಳ ನಡುವಿನ ಕರೆ ಮಾರ್ಗದ) ಚಾನೆಲ್ಲುಗಳೆಲ್ಲ ತುಂಬಿ ನಿಲ್ಲುತ್ತವೆ. ಬಂದ ಅಂಕಿಯಲ್ಲಿ ಒಂದು ಕಳೆದು ಮುಂದೆ ಬರೆಯಬೇಕು ಎಂದು 2014ರ ಆರ್‌ಎಫ್‌ಸಿ 7332 ಹೇಳಿದ್ದು ಇದಕ್ಕೇ. ಲೇಖನದ ಕೇಂದ್ರ ಇದಾಗಬೇಕಿತ್ತು. ನೀವು ಹತ್ತಿರ ಬಂದು ದಾಟಿಹೋಗಿದ್ದೀರಿ.

‘483 ಬಂದರೆ ಮಿತಿಯನ್ನು 255ಕ್ಕೆ ಏರಿಸಿ’ ಎಂಬ ಸಲಹೆ ಹೊಡೆದುಹಾಕಿ. ಗಾಣ ಇನ್ನಷ್ಟು ಸುತ್ತು ತಿರುಗುತ್ತದೆ, ಅಷ್ಟೇ. ಬದಲಿಗೆ ಮ್ಯಾಕ್ಸ್-ಫಾರ್ವರ್ಡ್ಸ್ 0, 1, 2 ಎಂದಿಟ್ಟು ‘ಆಪ್ಷನ್ಸ್’ (ಕರೆ ಮಾಡದೆ ವಿಚಾರಿಸುವ ಸಂದೇಶ) ಕಳಿಸಿ, ಪ್ರತಿ ಸಲ ಯಾರು ಉತ್ತರಿಸುತ್ತಾರೆ ನೋಡುವುದನ್ನು ಬರೆಯಿರಿ. ದಾರಿ ಎಲ್ಲಿ ತಿರುಗುತ್ತದೆಂದು ತಿಳಿಯುತ್ತದೆ. ಪರಿಹಾರ, ಯಾವ ನಂಬರು ಎಲ್ಲಿಗೆ ಹೋಗಬೇಕೆಂಬ ಡಯಲ್ ಪ್ಲಾನಿನಲ್ಲಿದೆ: 200ರಿಂದ 299 ಹುಬ್ಬಳ್ಳಿಯದಾದರೆ, ಅಲ್ಲಿ ಸಿಗದ 204ಕ್ಕೆ ಹುಬ್ಬಳ್ಳಿಯೇ 404 (ಸಿಗಲಿಲ್ಲ) ಹೇಳಬೇಕು, ಗದಗಿನ ದಾರಿ ತೋರಿಸಬಾರದು.

ಎರಡೂವರೆ ಪುಟ ಸಾಕು. ಈ ಸಲ ಸಂದೇಶ ಸಾಗಿದ ದಾಖಲೆಯಾದ ಟ್ರೇಸ್‌ನ ನಾಲ್ಕು ಸಾಲುಗಳನ್ನೂ ಜೊತೆಗಿಡಿ.