ನಾಯಿಮರಿಗೆ ಶೌಚದ ಶಿಸ್ತು ಕಲಿಸಲು ಕ್ರೇಟ್ (ಬಾಗಿಲಿರುವ, ಪಂಜರದಂಥ ಪೆಟ್ಟಿಗೆ) ಬಳಸುವುದು ಹಳೆಯ ವಿಧಾನಗಳಿಗಿಂತ ಉತ್ತಮವೇ?

ಸರಿಯಾಗಿ ಬಳಸಿದರೆ ಉತ್ತಮವೆಂದೇ ಹೇಳಬೇಕು. ಆದರೆ ಅದರ ಶ್ರೇಯ ಪೆಟ್ಟಿಗೆಗಿಂತ ಹೆಚ್ಚಾಗಿ ನಾಯಿಯ ಸ್ವಭಾವಕ್ಕೆ ಸಲ್ಲಬೇಕು. ನಡೆದಾಡಲು ಕಲಿತ ಮರಿ ತಾನು ಮಲಗುವ ಜಾಗವನ್ನು ಸಾಮಾನ್ಯವಾಗಿ ಗಲೀಜು ಮಾಡಿಕೊಳ್ಳುವುದಿಲ್ಲ. ಆದ್ದರಿಂದ ಕ್ರೇಟ್, ಮರಿ ನಿಂತು, ತಿರುಗಿ, ಕಾಲು ಚಾಚಿ ಮಲಗುವಷ್ಟೇ ದೊಡ್ಡದಿರಬೇಕು. ಅದಕ್ಕಿಂತ ವಿಶಾಲವಾದರೆ ಒಂದು ಮೂಲೆ ಹಾಸಿಗೆಯಾಗಿ, ಇನ್ನೊಂದು ಮೂಲೆ ಬಚ್ಚಲಾಗಿಬಿಡುತ್ತದೆ.

ಗಲೀಜಿಗೆ ಮರಿಯ ಮೂತಿ ಉಜ್ಜುವುದು, ಸುರುಳಿ ಸುತ್ತಿದ ಪತ್ರಿಕೆಯಿಂದ ಬಾರಿಸುವುದು ಹಳೆಯ ರೂಢಿ. ಹತ್ತು ನಿಮಿಷ ಹಿಂದಿನ ಕೃತ್ಯಕ್ಕೂ ಈಗಿನ ಪೆಟ್ಟಿಗೂ ಸಂಬಂಧ ಕಲ್ಪಿಸಲಾರದ ಮರಿ, ಮನುಷ್ಯರ ಎದುರು ಮೂತ್ರ ಮಾಡುವುದೇ ಅಪಾಯವೆಂದು ತಿಳಿದು ಸೋಫಾದ ಹಿಂದೆ ಹೋಗಿ ಕೆಲಸ ಮುಗಿಸುತ್ತದೆ. ನೆಲಕ್ಕೆ ಪತ್ರಿಕೆ ಹಾಸುವ ಕ್ರಮದಲ್ಲಿ ಹಿಂಸೆಯಿಲ್ಲ, ಆದರೆ ಮೊದಲು ಒಳಗೆ, ಅನಂತರ ಹೊರಗೆ ಎಂದು ಪಾಠವನ್ನು ಎರಡು ಸಲ ಕಲಿಸಬೇಕಾಗುತ್ತದೆ.

ಎಚ್ಚರ ಬೇಕಾದದ್ದು ಅವಧಿಯ ವಿಷಯದಲ್ಲಿ. ಮೂರು ತಿಂಗಳ ಮರಿ ಹಗಲಿನಲ್ಲಿ ಸುಮಾರು ಮೂರು ಗಂಟೆಗಳಿಗಿಂತ ಹೆಚ್ಚು ತಡೆದುಕೊಳ್ಳಲಾರದು. ಎದ್ದ ಕೂಡಲೇ, ಉಂಡ ಬಳಿಕ, ಆಟವಾಡಿದ ನಂತರ ಹೊರಗೆ ಕರೆದೊಯ್ದು, ಕೆಲಸ ಮುಗಿಸಿದೊಡನೆ ಅಲ್ಲೇ ತಿನಿಸು ಕೊಡಬೇಕು. ಮೊದಲ ಕೆಲವು ದಿನ ಕ್ರೇಟಿನ ಬಾಗಿಲು ತೆರೆದಿಟ್ಟು, ಒಳಗೆ ಊಟವಿಡಬೇಕು; ಮರಿಗೆ ಅಭ್ಯಾಸವಾಗುವವರೆಗೆ ಚಿಲಕ ಹಾಕಬಾರದು. ಅಮೆರಿಕದಲ್ಲಿ ಮನೆಮಾತಾಗಿರುವ ಈ ಪದ್ಧತಿಗೆ ಸ್ವೀಡನ್, ಫಿನ್ಲೆಂಡ್‌ಗಳಲ್ಲಿ ಕಾನೂನಿನ ಕಟ್ಟುನಿಟ್ಟಾದ ಮಿತಿಯಿದೆ. ದಿನವಿಡೀ ಕೂಡಿಹಾಕುವುದನ್ನು ತರಬೇತಿಯೆಂದು ನಾನೂ ಒಪ್ಪಲಾರೆ.