ಡ್ಯೂಟಿ ಟೈಮ್‌ದಾಗ ನಮಾಜ್ ಹೆಂಗ?
ಭಾಯಿ, ಗಾಂಧಿ ಚೌಕ್ ಅಂಗಡ್ಯಾಗ ಗಿರಾಕಿ ಬಿಟ್ಟು ಏಳಾಕ ಆಗೂದಿಲ್ಲ, ಜೋಹರ್ (ಮಧ್ಯಾಹ್ನದ ನಮಾಜ್), ಅಸರ್ (ಇಳಿಹೊತ್ತಿಂದು), ಮಗ್ರಿಬ್ (ಹೊತ್ತು ಮುಳುಗಿದ ಮ್ಯಾಲಿಂದು) ಮೂರೂ ರಾತ್ರಿ ಇಶಾ ನಮಾಜ್ ಕೂಡ ಮಾಡಿದ್ರ ನಡೀತೈತೇನು ಅಂತ ಕೇಳೀರಲ್ಲ, ಹಂಗ ರೂಢಿ ಮಾಡ್ಕೋಬ್ಯಾಡ್ರಿ. ಕುರಾನಿನ ಸೂರಾ ನಿಸಾ 103ನೇ ಆಯತ್‌ದಾಗ ನಮಾಜ್ ಗೊತ್ತುಮಾಡಿದ ಹೊತ್ತಿಗೇ ಫರ್ಜ್ (ಮಾಡಲೇಬೇಕಾದ್ದು) ಅಂತ ಐತಿ, ಹೊತ್ತು ಮೀರಿದ್ರ ಅದು ಖಜಾ, ಅಂದ್ರ ತಪ್ಪಿಹೋಗಿ ಆಮ್ಯಾಲೆ ತೀರಿಸೋ ನಮಾಜ್. ಆದ್ರ ಜೋಹರ್‌ಗೆ ಅಜಾನ್ ಆದ ಕೂಡ್ಲೇ ಓಡ್ಬೇಕಂತೇನಿಲ್ಲ, ಅಸರ್ ಶುರು ಆಗೋತನಕ ಟೈಮ್ ಇರ್ತೈತಿ, ಮಧ್ಯಾಹ್ನ ಊಟಕ್ಕ ಶಟರ್ ಅರ್ಧ ಇಳಸ್ತಾರಲ್ಲ ಆವಾಗ ವುಜೂ ಮಾಡಿ (ಕೈ, ಮುಖ, ಕಾಲು ತೊಳಕೊಂಡು) ಒಳಗ ಮಾಲಿನ ಡಬ್ಬಿ ಸರಿಸಿ ಜಾನಿಮಾಜ್ (ನಮಾಜಿನ ಚಾಪಿ) ಹಾಸಿ 4 ರಕಾತ್ (ನಮಾಜಿನ ಸುತ್ತು) ಫರ್ಜ್ ಆದ್ರೂ ಮುಗಿಸ್ರಿ, ಐದಾರು ನಿಮಿಷದ ಮಾತು. ಖರೇ ಗಡಿಬಿಡಿ ಆಗೋದು ಮಗ್ರಿಬ್‌ಗೆ, ಅದರ ಹೊತ್ತೂ ಸಣ್ಣದು, ಸಂಜಿ ವ್ಯಾಪಾರನೂ ಆವಾಗ್ಲೇ. ಅದಕ್ಕ ಮಾಲಕರ ಕೂಡ ಮೊದ್ಲ ಮಾತಾಡಿ ಇಟ್ಕೋರಿ, ಚಾಕ್ಕ ಬಿಡೋರು ಇದಕ್ಕ ಬ್ಯಾಡ ಅನ್ನೂದಿಲ್ಲ ಬಿಡ್ರಿ.