ಮಟ್ಟು ಗುಳ್ಳ ಅಂದ್ರೆ ನಂಗೆ ಪ್ರಾಣ

ಇಷ್ಟದ ತರಕಾರಿ ಯಾವ್ದು, ಅದರ ಹಿನ್ನೆಲೆ ಏನು, ತಿಂದ್ರೆ ಆರೋಗ್ಯಕ್ಕೆ ಏನು ಒಳ್ಳೇದು ಅಂತ ಕೇಳಿದೀರಿ. ನಂದು ಬದನೆ, ಅದ್ರಲ್ಲೂ ನಮ್ಮ ಉಡುಪಿ ಕಡೆಯ ಮಟ್ಟು ಗುಳ್ಳ. ದುಂಡಗೆ, ತಿಳಿ ಹಸಿರು, ಮೈಮೇಲೆ ಬಿಳಿ ಗೆರೆ, ತೊಟ್ಟಲ್ಲಿ ಮುಳ್ಳು.

ಕಟಪಾಡಿ ಹತ್ರ ಸಮುದ್ರದ ಪಕ್ಕದಲ್ಲೇ ಮಟ್ಟು ಅಂತ ಊರಿದೆ, ಭತ್ತ ಕೊಯ್ದಾದ್ಮೇಲೆ ಅದೇ ಗದ್ದೆಯಲ್ಲಿ ಇದನ್ನ ಬೆಳೀತಾರೆ. ಸೋದೆ ಮಠದ ವಾದಿರಾಜ ಸ್ವಾಮಿಗಳೇ ಊರಿನವರಿಗೆ ಬೀಜ ಕೊಟ್ಟದ್ದು ಅಂತ ನಂಬಿಕೆ. ಸ್ವಾಮಿಗಳಿಗಾಗದವರು ಅವರು ಪೂಜಿಸೋ ಹಯಗ್ರೀವ ದೇವರ ನೈವೇದ್ಯಕ್ಕೆ ವಿಷ ಬೆರೆಸಿದ್ರಂತೆ, ದೇವರ ಮೂರ್ತಿ ನೀಲಿಯಾಯ್ತಂತೆ, ಆಮೇಲೆ ಗುಳ್ಳದ ನೈವೇದ್ಯ ಮಾಡಿದ ಮೇಲೆ ಆ ನೀಲಿ ಇಳೀತಂತೆ, ಅಜ್ಜಿ ಹೇಳ್ತಿದ್ದ ಕಥೆ ಇದು. ಈಗ್ಲೂ ಪರ್ಯಾಯಕ್ಕೆ, ಅಂದ್ರೆ ಎರಡು ವರ್ಷಕ್ಕೊಮ್ಮೆ ಕೃಷ್ಣನ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗೋ ಹಬ್ಬಕ್ಕೆ, ಮಟ್ಟುವಿನಿಂದ ಉಡುಪಿ ಕೃಷ್ಣ ಮಠಕ್ಕೆ ಗುಳ್ಳದ ಹೊರೆಕಾಣಿಕೆ ಹೋಗುತ್ತೆ. 2011ರಲ್ಲಿ ಜಿಐ ಟ್ಯಾಗ್, ಅಂದ್ರೆ ಇದು ಈ ಊರಿನದ್ದೇ ಬೆಳೆ ಅನ್ನೋ ಸರ್ಕಾರಿ ಗುರುತು, ಸಿಕ್ಕಿತು. ಅದಕ್ಕೂ ಮುಂಚೆ ಬಿಟಿ ಬದನೆ (ಹುಳ ತಡೆಯೋಕೆ ಜೀನ್ ಬದಲಿಸಿದ ಕುಲಾಂತರಿ ಬದನೆ) ಬರುತ್ತೆ ಅಂದಾಗ ನಮ್ಮ ಕಡೆ ತುಂಬಾ ಭಯ ಇತ್ತು, ತಳಿ ಬೆರಕೆಯಾಗಿಬಿಟ್ರೆ ಏನ್ ಮಾಡೋದು ಅಂತ, 2010ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅದಕ್ಕೆ ತಡೆ ಹಾಕಿದ್ಮೇಲೇನೇ ಸಮಾಧಾನ ಆದದ್ದು.

ಆರೋಗ್ಯದ ವಿಷಯಕ್ಕೆ ಬಂದ್ರೆ, ಬದನೆ ತಿಂದ್ರೆ ಶುಗರ್ ವಾಸಿಯಾಗುತ್ತೆ ಅಂತೆಲ್ಲ ಫಾರ್ವರ್ಡ್ ಬರುತ್ತಲ್ಲ, ಅದನ್ನ ನಂಬ್ಬೇಡಿ. 100 ಗ್ರಾಂ ಬದನೆಯಲ್ಲಿ ಸುಮಾರು 25 ಕ್ಯಾಲೊರಿ, 3 ಗ್ರಾಂ ನಾರು, ಉಳಿದದ್ದು ಬಹುಪಾಲು ನೀರೇ. ಹಾಗಾಗಿ ಹೊಟ್ಟೆ ತುಂಬುತ್ತೆ, ತೂಕ ಏರಲ್ಲ, ಮಲಬದ್ಧತೆ ಇರೋರಿಗೂ ಒಳ್ಳೇದು. ನಮ್ಮಪ್ಪನಿಗೆ ಶುಗರ್ ಇದೆ, ಅನ್ನ ಕಮ್ಮಿ ಮಾಡಿ ಹುಳಿಯ ಹೋಳು ಜಾಸ್ತಿ ಹಾಕಿಸ್ಕೊಳ್ತಾರೆ, ಅಷ್ಟೇ ಉಪಯೋಗ, ಅದೂ ಸಣ್ಣದಲ್ಲ. ಹೆಚ್ಚಿದ ಕೂಡ್ಲೇ ಬದನೆ ಕಪ್ಪಾಗುತ್ತಲ್ಲ, ಅದಕ್ಕೆ ಕಾರಣ ಕ್ಲೋರೊಜೆನಿಕ್ ಆಸಿಡ್‌ನಂಥ ಆಂಟಿಆಕ್ಸಿಡೆಂಟ್‌ಗಳೇ, ಗಾಳಿ ತಾಗಿದ್ರೆ ಬಣ್ಣ ಬದಲಾಗುತ್ತೆ, ಅದಕ್ಕೇ ನಾವು ನೀರಲ್ಲಿ ಹಾಕಿಡೋದು. ನಾಸುನಿನ್ ಅಂತ ಇನ್ನೊಂದು ಆಂಟಿಆಕ್ಸಿಡೆಂಟ್ ಹೇಳ್ತಾರಲ್ಲ, ಅದು ನೇರಳೆ ಬದನೆಯ ಸಿಪ್ಪೆಯದ್ದು, ಹಸಿರು ಗುಳ್ಳಕ್ಕೆ ಆ ಮಾತು ಹೊಂದಲ್ಲ.

ಬದನೆ ನಂಜು ಅಂತ ಹಿರಿಯರು ಹೇಳ್ತಾರೆ. ಕೆಲವರಿಗೆ ನಿಜವಾಗ್ಲೂ ತುರಿಕೆ ಬರುತ್ತೆ, ಅಂಥವರು ಬಿಡೋದೇ ಸರಿ. ಇನ್ನೊಂದು, ಬದನೆ ಎಣ್ಣೆಯನ್ನ ಸಿಕ್ಕಾಪಟ್ಟೆ ಹೀರುತ್ತೆ, ಗುಳ್ಳದ ಪೋಡಿ (ಬಜ್ಜಿ) ನಂಗೂ ಬಹಳ ಇಷ್ಟ ಆದ್ರೆ ಆರೋಗ್ಯಕ್ಕೆ ಅಂತ ತಿನ್ನೋದಾದ್ರೆ ಅದಲ್ಲ.

ಕೆಂಡದಲ್ಲಿ ಸುಟ್ಟು, ಸಿಪ್ಪೆ ತೆಗೆದು ಹಿಸುಕಿ, ಹುಣಸೆ ರಸ, ಹಸಿಮೆಣಸು, ಉಪ್ಪು ಹಾಕಿ, ಒಂದೇ ಚಮಚ ತೆಂಗಿನೆಣ್ಣೇಲಿ ಸಾಸಿವೆ ಕರಿಬೇವಿನೆಲೆ ಒಗ್ಗರಣೆ ಕೊಟ್ಟು ಗೊಜ್ಜು ಮಾಡಿ. ಕುಚಲಕ್ಕಿ ಗಂಜಿ ಜೊತೆ ತಿಂದು ನೋಡಿ, ಹೇಗಿತ್ತು ಅಂತ ಬಂದು ಹೇಳಿ.